ಮುಚ್ಚಳ ತೆಗೆದು ತೋರಿಸಿದವರು

ರೇಡಿಯೊ ಅಣ್ಣನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಬೆಸುಗೆ ಕಡ್ಡಿಯ ಬಿಸಿಗೆ ಸುಟ್ಟು ಸುಟ್ಟು, ಹುಣಸೆಬೀಜದಂತೆ ಹೊಳೆಯುವ ಕಪ್ಪು ಚರ್ಮವಷ್ಟೇ ಉಳಿದಿತ್ತು. ಕೆಟ್ಟ ಯಂತ್ರವನ್ನು ಆ ಬೆರಳಿನಿಂದಲೇ ಮುಟ್ಟಿ, ‘ಜ್ವರ ಬಂದದೆ ಕಣಮ್ಮಿ ಇದ್ಕೆ’ ಎನ್ನುತ್ತಿದ್ದರು.

ಭೀಮನಬೀಡಿನವರು. ರೇಡಿಯೊ ರಿಪೇರಿ ಮಾಡಿಕೊಂಡಿದ್ದ ಅವರನ್ನು ತೊಂಬತ್ತರ ದಶಕದ ಆರಂಭದಲ್ಲಿ ಕಂಪ್ಯೂಟರ್ ಮಾರುವ ಕಂಪನಿಯೊಂದು ತನ್ನ ಚಾಮರಾಜನಗರದ ಶಾಖೆಗೆ ಕರೆದುಕೊಂಡಿತು. ಊರೂರಿಗೂ ಮಳಿಗೆ ತೆರೆಯುತ್ತಿದ್ದ ಕಂಪನಿ. ಗಾಜಿನ ಬಾಗಿಲು, ಎ.ಸಿ.; ಚಪ್ಪಲಿ ಹೊರಗೇ ಬಿಡಬೇಕು. ರೇಷ್ಮೆಗೂಡು ಮಾರಲು ಬಂದವರು ಕಪ್ಪು ಪರದೆಯ ಮೇಲಿನ ಹಸಿರು ಅಕ್ಷರ ನೋಡಲು ಗಾಜಿಗೆ ಮೂಗೊತ್ತಿ ನಿಲ್ಲುತ್ತಿದ್ದರು. ನಾನು ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬಂದು ಅಲ್ಲಿನ ಕೌಂಟರಿನಲ್ಲಿ ಕೂರುತ್ತಿದ್ದೆ. ನನಗೆ ಮೌಸ್ ಹಿಡಿಯುವುದನ್ನು ಕಲಿಸಿದ್ದು ಅಣ್ಣನೇ: ‘ಕೋಳಿಮರಿ ಇಡ್ದಂಗೆ ಇಡಿ, ಅಮುಕ್ಬ್ಯಾಡ.’

ಒಂದು ದಿನ ಗಿರಾಕಿಯೊಬ್ಬರ ಕಂಪ್ಯೂಟರ್ ಬಿಚ್ಚಿದ ಅಣ್ಣ ಮ್ಯಾನೇಜರ್ ಎದುರಿಗೇ, ‘ಇದು ಒಸದಲ್ಲ ಸ್ವಾಮಿ. ಡಿಸ್ಕು ಅಳೇದು. ಯಾರ್ದೋ ಫೈಲು ಇನ್ನೂ ಅವೆ ಇದ್ರಲ್ಲಿ’ ಎಂದುಬಿಟ್ಟರು. ಮ್ಯಾನೇಜರ್ ನಕ್ಕರು.

ಮೂರನೆಯ ದಿನ, ಯಂತ್ರವೊಂದರ ಮೆಮೊರಿ ಚಿಪ್ಪುಗಳು ಕಾಣೆಯಾಗಿವೆ ಎಂದು ಅದೇ ಮ್ಯಾನೇಜರ್ ಕೂಗಾಡಿದರು. ಗಿರಾಕಿಗಳ ಮುಂದೆಯೇ ಅಣ್ಣನ ಚೀಲವನ್ನು ಕೌಂಟರಿನ ಮೇಲೆ ಸುರಿಸಿದರು. ಬುತ್ತಿಯ ಡಬ್ಬಿ ಬಾಯಿ ಬಿಟ್ಟು ರಾಗಿಮುದ್ದೆ ಉರುಳಿತು. ಚಿಪ್ಪು ಸಿಗಲಿಲ್ಲ. ‘ಆಗಲೇ ಮಾರಿಕೊಂಡಿದ್ದಾನೆ, ಕಳ್ಳ’ ಎಂದು ಹೊರಗೆ ತಳ್ಳಿದರು.

ಹಿಂದಿನ ದಿನ ಆ ಚಿಪ್ಪುಗಳನ್ನು ಕಿತ್ತು ಬೇರೆ ಯಂತ್ರಕ್ಕೆ ಹಾಕಿದ್ದವರು ಮ್ಯಾನೇಜರೇ. ಅವರಿಗೆ ಟಾರ್ಚ್ ಹಿಡಿದು ನಿಂತಿದ್ದವಳು ನಾನು. ಅಣ್ಣ ನನ್ನ ಮುಖ ನೋಡಿದರು. ನಾನು ಕೀಬೋರ್ಡ್ ಒರೆಸತೊಡಗಿದೆ.

ಆರು ತಿಂಗಳ ನಂತರ ರಸ್ತೆಯಾಚೆ ಅಣ್ಣನ ಅಂಗಡಿ ಎದ್ದಿತು. ಬೋರ್ಡಿನಲ್ಲಿ ಅಂಗಡಿಯ ಹೆಸರೇ ಇಲ್ಲ. ‘ಎದುರಿನಲ್ಲಿ ಕೊಂಡ ಕಂಪ್ಯೂಟರಿನ ಮುಚ್ಚಳವನ್ನು ಇಲ್ಲಿ ಪುಕ್ಕಟೆ ತೆಗೆದು ತೋರಿಸಲಾಗುವುದು.’ ಜನ ನಕ್ಕರು. ಮೊದಲು ಬಂದವರು ಗುಂಡ್ಲುಪೇಟೆಯ ಟೈಪಿಂಗ್ ಶಾಲೆಯವರು. ಲಗೇಜ್ ಆಟೊದಲ್ಲಿ ಐದು ಕಂಪ್ಯೂಟರ್ ತಂದರು. ಅಣ್ಣ ರಸ್ತೆಬದಿಯ ಬೆಂಚಿನ ಮೇಲೆ ಐದನ್ನೂ ಬಿಚ್ಚಿದರು. ನಾಲ್ಕರ ಒಳಗೆ ಹಳೆಯ ಸಾಮಾನು. ಅವತ್ತಿನಿಂದ ನಗು ನಿಂತು ಸಾಲು ಶುರುವಾಯಿತು.

ಹೊಸ ಕಂಪ್ಯೂಟರ್ ಬೇಕೆಂದವರಿಗೆ ಅವರ ಕಣ್ಣೆದುರೇ ಬಿಡಿಭಾಗ ಜೋಡಿಸಿ ಕೊಡುತ್ತಿದ್ದರು. ‘ಇದು ಡಿಸ್ಕು, ಇದು ಮೆಮೊರಿ. ಮುಟ್ಟಿ ನೋಡ್ಕಳಿ.’ ಮೇಷ್ಟ್ರುಗಳು, ಅರಿಸಿನದ ಮಂಡಿಯವರು, ಜೆರಾಕ್ಸ್ ಅಂಗಡಿಯವರು ಎಲ್ಲರೂ ಕೊಂಡರು. ನಮ್ಮ ಕಡೆಯ ಮನೆಗಳಿಗೆ ಕಂಪ್ಯೂಟರ್ ಬಂದದ್ದು ಒಬ್ಬ ಮನುಷ್ಯನ ಸೇಡಿನಿಂದ.

ಎರಡು ವರ್ಷದಲ್ಲಿ ವ್ಯಾಪಾರ ಬಿದ್ದು ನಮ್ಮ ಎ.ಸಿ. ನಿಂತಿತು. ಮ್ಯಾನೇಜರ್ ರಸ್ತೆ ದಾಟಿ ಹೋದರು. ಕಾಗದ ಕೊಡುವ ನೆವದಲ್ಲಿ ನಾನೂ ಹಿಂದೆ ಹೋದೆ.

‘ಆ ಬೋರ್ಡ್ ತೆಗೀರಿ. ನನ್ನ ಕೆಲಸ ಹೋಗುತ್ತೆ. ಮಕ್ಕಳಿದ್ದಾರೆ.’

‘ನಂಗೂ ಅವ್ರೆ. ಇಸ್ಕೂಲಲ್ಲಿ ಕಳ್ಳನ್ ಮಕ್ಳು ಅನ್ನುಸ್ಕಂಡ್ರು,’ ಅಣ್ಣ ತಲೆಯೆತ್ತಲಿಲ್ಲ. ‘ಓಗಿ. ಎಲ್ಲಿ ಕಳ್ಳ ಅಂದ್ರೋ ಅಲ್ಲೇ ನಿಂತ್ಕಂಡು, ಸುಳ್ಳು ಅಂತ ಯೋಳಿ.’

ಮ್ಯಾನೇಜರ್ ಹೇಳಿದರು. ಅದೇ ಕೌಂಟರಿನ ಹಿಂದೆ, ನಾಲ್ಕು ಜನ ಗಿರಾಕಿಗಳ ಮುಂದೆ. ಅಣ್ಣ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂದು, ‘ಕೇಳುಸ್ನಿಲ್ಲ. ಇನ್ನೊಂದ್ಸಲ’ ಎಂದರು. ಮೂರು ಸಲ ಹೇಳಿಸಿದರು. ಆ ಮನುಷ್ಯ ಮೂರನೆಯ ಸಲ ಹೇಳಿದ್ದು ನನಗೆ ಹೋಳಿಗೆ ತಿಂದಷ್ಟು ಸಿಹಿಯಾಗಿತ್ತು, ಸುಳ್ಳೇಕೆ ಹೇಳಲಿ?

‘ಇನ್ನು ಬೋರ್ಡ್...’

‘ತೆಗಿತೀನಿ ಅಂತ ನಾನ್ಯಾವಾಗ ಅಂದೆ?’

ತಿಂಗಳೊಳಗೆ ಶಾಖೆಗೆ ಬೀಗ ಬಿತ್ತು. ಕೆಲಸ ಕಳೆದುಕೊಂಡ ನಾನು ಅಣ್ಣನ ಬಾಗಿಲಿಗೆ ಹೋದೆ. ‘ನಾಳಿಂದ ಬಾ’ ಎಂದರು, ಅಷ್ಟೇ. ಎಂಟು ವರ್ಷ ಜೊತೆಗಿದ್ದೆ. ಬೆಸುಗೆ, ಜೋಡಣೆ, ಕನ್ನಡ ಅಕ್ಷರ ಕೂರಿಸುವುದು, ಎಲ್ಲವನ್ನೂ ಕಲಿಸಿದರು. ಇವತ್ತು ನಾನು ಉಣ್ಣುವ ಅನ್ನ ಆ ವಿದ್ಯೆಯದು. ಆದರೆ ಒಂದು ಮಧ್ಯಾಹ್ನವೂ ನನ್ನೆದುರು ಅವರು ಬುತ್ತಿ ಬಿಚ್ಚಲಿಲ್ಲ.

ಕೊನೆಗೆ ಶ್ವಾಸಕೋಶ ಕೆಟ್ಟು ಮೈಸೂರಿನ ಆಸ್ಪತ್ರೆ ಸೇರಿದರು. ಮಂಚದ ಪಕ್ಕ ಕೂತು, ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಆಡಿದೆ: ‘ಅಣ್ಣ, ಅವತ್ತು ನಾನು ಹೇಳಬೇಕಿತ್ತು.’

ಅಣ್ಣ ನನ್ನ ಮುಖ ನೋಡಿದರು.

‘ಊಂ. ಯೋಳ್ಬೇಕಿತ್ತು ಕಣಮ್ಮಿ’ ಎಂದು ಗೋಡೆಯ ಕಡೆಗೆ ಹೊರಳಿಕೊಂಡರು. ಎರಡು ದಿನ ಕಳೆದು ತೀರಿಕೊಂಡರು. ಆ ಎರಡು ದಿನವೂ ನಾನು ಅಲ್ಲೇ ಕೂತಿದ್ದೆ. ಅವರು ಈ ಕಡೆಗೆ ತಿರುಗಲಿಲ್ಲ.