ಮೂರನೆಯ ದನಿಯ ಜಾಗ

ನಮ್ಮ ತಿರುವನಂತಪುರದ ಐಟಿ ಆಫೀಸಿನ ವಾರ್ಷಿಕೋತ್ಸವಕ್ಕೆ ಕೊಚ್ಚಿಯ ಮೂವರು ಆಂಟಿಯರು ಹಾಡಲು ಬರುವವರಿದ್ದರು. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡುಗಳನ್ನು ಗಿಟಾರ್ ಬಿಟ್ಟು ಹಾರ್ಮೋನಿಯಂ ಇಟ್ಟುಕೊಂಡು ಹಾಡುವವರು. ಅದಕ್ಕೇ ತಮ್ಮದು 'ಆಲ್ಟರ್ನೇಟಿವ್ ಕಂಟ್ರಿ' ಎನ್ನುತ್ತಿದ್ದರು. ತಂಡದ ಇತಿಹಾಸ ಅರ್ಧ ಪುಟ ಬರೆದು ತಾ ಎಂದು, ಸಂಗೀತದ ಗಂಧಗಾಳಿ ಇಲ್ಲದ ನನ್ನನ್ನು ಆಫೀಸಿನವರು ಕೊಚ್ಚಿಗೆ ಅಟ್ಟಿದರು.

ಹಿರಿಯರಾದ ಐರಿನ್ ಆಂಟಿ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ನಡುವೆ, ಮೂವರಲ್ಲೊಬ್ಬರಾದ ಡೊರೀನ್ ಆಂಟಿ ಜಗಳವಾಡಿಕೊಂಡು ಆರು ವರ್ಷ ಬಾರದೇ ಇದ್ದ ಸಂಗತಿ ಬಂತು. ಅವರು ಅಲ್ಲೇ ನಿಂತು ಚಹಾ ಸೋಸುತ್ತಿದ್ದರು. "ಡೊರೀನ್ ತಂಡ ಬಿಟ್ಟರು" ಎಂದು ಬರೆದು, ಗಟ್ಟಿಯಾಗಿ ಓದಿಯೂ ಬಿಟ್ಟೆ.

"ಅದನ್ನು ಹೊಡೆದುಹಾಕು ಮೋಳೇ," ಎಂದರು ಐರಿನ್ ಆಂಟಿ, ಮಗಳಿಗೆ ಹೇಳುವಂತೆ. "ಆರು ವರ್ಷ ಇಬ್ಬರೇ ಹಾಡಿದೆವು ಅಂತ ಬರಿ."

"ಅವರ ಜಾಗಕ್ಕೆ ಬೇರೆ ಯಾರೂ ಸಿಗಲಿಲ್ವಾ ಆಂಟಿ?"

"ಜಾಗ ಎಲ್ಲಿ ಖಾಲಿಯಿತ್ತು? ಅವಳು ಬಂದಿರಲಿಲ್ಲ, ಅಷ್ಟೆ. ಅವಳ ಸಾಲು ಬಂದಾಗ ನಾವು ಬಾಯಿ ಮುಚ್ಚಿಕೊಂಡು ಹಾರ್ಮೋನಿಯಂ ಮಾತ್ರ ನುಡಿಸುತ್ತಿದ್ದೆವು."

ಡೊರೀನ್ ಆಂಟಿ ತಿರುಗಿ ನೋಡಲಿಲ್ಲ. ಸೋಸಿದ ಚಹಾವನ್ನೇ ಇನ್ನೊಮ್ಮೆ ಸೋಸತೊಡಗಿದರು.

ಅರ್ಧ ಪುಟ ಹಿಡಿದುಕೊಂಡು ಎರಡೇ ದಿನಕ್ಕೆ ಆಫೀಸಿಗೆ ಮರಳಿದೆ. ನನ್ನ ಕುರ್ಚಿಯಲ್ಲಿ ಆಗಲೇ ಬೇರೆ ಯಾರೋ ಕೂತಿದ್ದರು.