ವಾಲ್ಡೆಕ್ ಸಂಸ್ಥಾನದ ಆಂಟಿ

ಎಡಗೈಗೆ ಮಾತ್ರ ಬಿಳಿ ಹತ್ತಿಯ ಕೈಗವಸು, ಬಲಗೈ ಬರಿದು. ಒಂದು ಕೈ ಹಳೆಯ ಕಾಗದ ಹಿಡಿಯಲು, ಇನ್ನೊಂದು ಪೆನ್ಸಿಲ್ ಹಿಡಿಯಲು. ಮೈಮೇಲೆ ಇಸ್ತ್ರಿ ಮಾಡಿದ ಕಾಟನ್ ಸೀರೆ, ಕಾಲಿಗೆ ಓಟದ ಶೂ, ಕುತ್ತಿಗೆಯಲ್ಲಿ ಕರಿಮಣಿ ಸರದ ಪಕ್ಕಕ್ಕೇ ಶೂ ಲೇಸಿಗೆ ಕಟ್ಟಿಕೊಂಡ ಭೂತಗನ್ನಡಿ. ಆಂಟಿ ಬಗ್ಗಿದಾಗೆಲ್ಲ ಅದು ಮೇಜಿಗೆ ಟಕ್ಕೆಂದು ಬಡಿಯುತ್ತಿತ್ತು. ಟೆಕ್ಸಾಸಿನ ಜಾರ್ಜ್‌ಟೌನ್ ದಾಟಿ ಇನ್ನೂ ಅರ್ಧ ಗಂಟೆ ಹೋದರೆ ಸಿಗುವ ಒಂದು ಊರಿನ ಮ್ಯೂಸಿಯಮ್ಮಿನಲ್ಲಿ ಶನಿವಾರ ಕೇಳುತ್ತಿದ್ದ ಸದ್ದೆಂದರೆ ಹೆಚ್ಚುಕಡಿಮೆ ಅದೊಂದೇ.

ಫ್ಲೂಗರ್‌ವಿಲ್‌ನಲ್ಲಿ ಅವರ ಮನೆಯ ಮಹಡಿ ರೂಮಿನಲ್ಲಿ ನಾನು ಎರಡು ವರ್ಷ ಬಾಡಿಗೆಗಿದ್ದೆ. ಆಸ್ಟಿನ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೆ. ಅದಕ್ಕೂ ಮೊದಲು ಮೈಸೂರಿನ ಕಾಲೇಜಿನಲ್ಲಿ ನಾಲ್ಕು ವರ್ಷ ಮಾಡಿದ ಕೆಲಸ ಒಂದೇ: ಚರ್ಚಾಸ್ಪರ್ಧೆ. ಪರವೋ ವಿರೋಧವೋ, ಚೀಟಿಯಲ್ಲಿ ಏನು ಬಂತೋ ಅದೇ ಅವತ್ತಿನ ನನ್ನ ಸಿದ್ಧಾಂತ. ಸೋತದ್ದು ಕಡಿಮೆ, ಸೋಲು ಒಪ್ಪಿಕೊಂಡದ್ದು ಒಂದು ಸಲವೂ ಇಲ್ಲ. ಆಂಟಿ ನನ್ನನ್ನು ‘ಲಾಯರಮ್ಮ’ ಎಂದೇ ಕರೆಯುತ್ತಿದ್ದರು.

ಅವರು ಬೆಂಗಳೂರಿನಲ್ಲಿದ್ದಾಗ ಜರ್ಮನ್ ಯಂತ್ರಗಳ ಒಂದು ಕಂಪನಿಯಲ್ಲಿ ಅನುವಾದಕಿ. ಅಂಕಲ್ ಕೆಲಸದ ಹಿಂದೆ ಟೆಕ್ಸಾಸಿಗೆ ಬಂದ ಮೇಲೆ ಆ ಜರ್ಮನ್ನಿಗೆ ಕೆಲಸವಿರಲಿಲ್ಲ. ಹುಡುಕುತ್ತಾ ಹೋದಾಗ ಈ ಮ್ಯೂಸಿಯಮ್ಮು ಸಿಕ್ಕಿತಂತೆ. ನೂರೆಪ್ಪತ್ತು ನೂರೆಂಬತ್ತು ವರ್ಷದ ಹಿಂದೆ ಜರ್ಮನಿಯಿಂದ ಹಡಗು ಹತ್ತಿ ಬಂದವರ ಟ್ರಂಕುಗಳು, ಬೈಬಲ್ಲುಗಳು, ಯಾರಿಗೂ ಓದಲು ಬಾರದ ಕಾಗದಗಳು. ಹಳೆಯ ಕೈಬರಹ ಓದುವುದನ್ನು ಆಂಟಿ ಐವತ್ತನೇ ವಯಸ್ಸಿನಲ್ಲಿ, ಅಡುಗೆಮನೆಯ ಮೇಜಿನ ಮೇಲೆ, ತಾವೇ ಕಲಿತರು.

ಆ ಊರಿನ ಹಲವರ ಮೂಲ ವಾಲ್ಡೆಕ್ ಎಂಬ ಪುಟ್ಟ ಸಂಸ್ಥಾನ. ನಮ್ಮ ಒಂದು ತಾಲ್ಲೂಕಿನಷ್ಟು ಜಾಗ, ಅದಕ್ಕೊಬ್ಬ ರಾಜ, ಒಂದು ಅರಮನೆ. ಆಂಟಿ ಮ್ಯೂಸಿಯಮ್ಮಿನ ಒಂದು ಇಡೀ ಗೋಡೆಯನ್ನು ಅದರ ಗಣ್ಯರಿಗೆ, ರಾಜಮನೆತನಕ್ಕೆ ಬಿಟ್ಟುಕೊಟ್ಟಿದ್ದರು. ಅಲ್ಲಿಂದ ಹೋಗಿ ಡಚ್ಚರ ರಾಣಿಯಾದವಳು, ಇಂಗ್ಲೆಂಡಿನ ರಾಣಿಗೆ ಸೊಸೆಯಾದವಳು, ಕಲ್ಲು ಕೆತ್ತಿ ಹೆಸರಾದವನು. ಜರ್ಮನಿಯ ದೊರೆಗಳೆಲ್ಲ ಗದ್ದುಗೆ ಬಿಟ್ಟು ಸಹಿ ಹಾಕುವಾಗ ‘ನಾನು ಹಾಕಲ್ಲ’ ಎಂದು ಕೂತ ಕೊನೆಯ ರಾಜ. ಅವನ ಕೆಳಗೇ, ನಾಜಿ ಪಡೆಯಲ್ಲಿ ದೊಡ್ಡ ಅಧಿಕಾರಿಯಾಗಿ ಯುದ್ಧ ಮುಗಿದ ಮೇಲೆ ಜೈಲು ಸೇರಿದ ಮಗ. ಈ ಮಗನನ್ನು ತೆಗೆಯಿರಿ ಎಂದು ಊರಿನ ಕೆಲವರು ಹೇಳಿದ್ದರು. ಆಂಟಿ ನನ್ನ ಹತ್ತಿರ ಅಂದದ್ದು: “ಇದೇನು ಮದುವೆ ಕರೆಯೋಲೆನಾ, ಬೇಕಾದ ನೆಂಟರ ಹೆಸರು ಮಾತ್ರ ಹಾಕಿಸೋಕೆ?”

ನನಗೆ ಆ ಗೋಡೆಯ ಮೇಲೆ ತಕರಾರಿತ್ತು. “ರಾಜರನ್ನ ಯಾಕೆ ಗೋಡೆಗೆ ಏರಿಸ್ತೀರಿ ಆಂಟಿ? ಹುಟ್ಟಿದ್ದು ಬಿಟ್ಟು ಅವರು ಮಾಡಿದ್ದೇನು?”

“ನೀನು ಮೈಸೂರಿನವಳು. ಜಂಬೂಸವಾರಿ ದಿನ ಮನೇಲಿ ಬಾಗಿಲು ಹಾಕ್ಕೊಂಡು ಕೂತಿರ್ತಿದ್ಯಾ?”

“ಅದು ಬೇರೆ.”

“ಹ್ಞಾಂ. ಅದು ಬೇರೆ,” ಎಂದು ಹೇಳಿ ಭೂತಗನ್ನಡಿ ಎತ್ತಿಕೊಂಡರು. ಚರ್ಚೆ ಮುಗಿಯಿತು. ತೀರ್ಪುಗಾರರಿದ್ದಿದ್ದರೆ ಯಾರಿಗೆ ಅಂಕ ಕೊಡುತ್ತಿದ್ದರೆಂದು ನನಗೆ ಗೊತ್ತು, ಹೇಳುವುದಿಲ್ಲ.

ಅವರದೊಂದು ಪ್ರಶ್ನೆಯಿತ್ತು: “ಓದಿದ್ದೆಷ್ಟು, ಊಹಿಸಿದ್ದೆಷ್ಟು?” ಯಾರು ಏನು ಹೇಳಿದರೂ ಅದೇ. ಅಂಕಲ್ ಊಟಕ್ಕೆ ಕೂತು “ಹುಳಿಗೆ ಉಪ್ಪು ಜಾಸ್ತಿಯಾಗಿದೆ” ಎಂದರೂ, “ತಿಂದು ಹೇಳ್ತಿದ್ದೀರೋ, ಬಣ್ಣ ನೋಡಿ ಹೇಳ್ತಿದ್ದೀರೋ?”

ಗೋಡೆಯ ರಾಜವಂಶದ ಕೆಳತುದಿಯಲ್ಲಿ, ಕಿರಿಯ ಕವಲಿನ ಒಬ್ಬ ಕೌಂಟ್‌ನಿಂದ, ಅಂದರೆ ಸಣ್ಣ ದೊರೆಯಿಂದ, ಇಳಿದ ಒಂದು ಗೆರೆ ಟೆಕ್ಸಾಸಿನವರೆಗೂ ಬಂದಿತ್ತು. ಆ ಗೆರೆಯ ತುದಿಯಲ್ಲಿದ್ದದ್ದು ದನದ ರಾಂಚ್ ಇಟ್ಟುಕೊಂಡಿದ್ದ ಒಬ್ಬ ಅಜ್ಜ, ಮ್ಯೂಸಿಯಮ್ಮಿನ ಸಮಿತಿಯ ಸದಸ್ಯ. ಅವರ ಮನೆಯಲ್ಲಿ ಕೌಂಟ್‌ನ ಲಾಂಛನವಿದ್ದ ಬೆಳ್ಳಿ ಚಮಚವೊಂದು ತಲೆಮಾರಿನಿಂದ ಬಂದಿತ್ತು. ಅದರ ಜೊತೆಗೆ, ವಾಲ್ಡೆಕ್‌ನ ಚರ್ಚಿನ ನಾಮಕರಣ ಪುಸ್ತಕದ ಜೆರಾಕ್ಸ್ ಪುಟಗಳು. ಆಂಟಿಯೇ ಅವನ್ನು ಓದಿ, ಹಡಗು ಹತ್ತಿ ಬಂದ ಅವರ ಮುತ್ತಾತನ ತಂದೆ ಆ ಕೌಂಟ್ ಎಂದು ತೀರ್ಮಾನಿಸಿದ್ದರು. ಅಜ್ಜನಿಗೆ ಎಂಬತ್ತೈದು ತುಂಬುವ ಶನಿವಾರ ಡಲ್ಲಾಸಿನಿಂದ, ಹ್ಯೂಸ್ಟನ್ನಿನಿಂದ ಮಕ್ಕಳು ಮೊಮ್ಮಕ್ಕಳೆಲ್ಲ ಬರುವುದು, ಗೋಡೆಯ ಮುಂದೆ ಕೇಕ್ ಕತ್ತರಿಸುವುದು ಎಂದು ನಿಶ್ಚಯವಾಗಿತ್ತು.

ಅದೇ ವಾರದ ಮಂಗಳವಾರ ಆ ಜೆರಾಕ್ಸ್ ಹೆಸರುಗಳನ್ನು ಟೈಪ್ ಮಾಡಿಕೊಡುತ್ತಾ ಕೂತಿದ್ದೆ. ಎಲ್ಲೋ ಏನೋ ಕೊರೆಯುತ್ತಿತ್ತು.

“ಆಂಟಿ, ಈ ಕೌಂಟ್‌ಗೆ ಒಂದೇ ವರ್ಷದಲ್ಲಿ ಏಳು ಮಕ್ಕಳು. ಏಳೂ ಗಂಡು. ಏಳಕ್ಕೂ ಅವನದೇ ಹೆಸರು. ಇವನೇನು ಕೌಂಟೋ, ಕಾರ್ಖಾನೆಯೋ?”

ಆಂಟಿ ಜೋರಾಗಿ ನಕ್ಕರು. ಆಮೇಲೆ ನಗು ನಿಂತುಹೋಯಿತು. ಭೂತಗನ್ನಡಿ ಹಿಡಿದು ಎಲ್ಲ ಪುಟಗಳನ್ನೂ ಮತ್ತೆ ನೋಡಿದರು. ಜೆರಾಕ್ಸ್ ಮಾಡುವಾಗ ಪುಟಗಳ ಎಡ ಅಂಚು ಬೈಂಡಿಂಗಿನೊಳಗೆ ಸಿಕ್ಕಿಹಾಕಿಕೊಂಡು ಒಂದು ಕಾಲಮ್ಮೇ ಬಂದಿರಲಿಲ್ಲ. ತಂದೆಯ ಹೆಸರಿನ ಕಾಲಮ್ಮು. ಇವರು ಓದಿದ್ದು ಅದರ ಪಕ್ಕದ್ದು. ಆ ಸಂಸ್ಥಾನದಲ್ಲಿ ಅರಮನೆಯ ಆಳುಗಳು ಮಗು ಹುಟ್ಟಿದರೆ ಒಡೆಯನನ್ನೇ ಜ್ಞಾನಪಿತನಾಗಿ, ಅಂದರೆ ಗಾಡ್‌ಫಾದರ್ ಆಗಿ, ನಿಲ್ಲಲು ಕೇಳಿಕೊಳ್ಳುತ್ತಿದ್ದರು. ಅವನು ತನ್ನ ಹೆಸರು ಕೊಡುತ್ತಿದ್ದ, ಒಂದು ಬೆಳ್ಳಿ ಚಮಚ ಕೊಡುತ್ತಿದ್ದ. ತಂದೆಯೆಂದು ಇವರು ಗೋಡೆಗೆ ಏರಿಸಿದ್ದು ಜ್ಞಾನಪಿತನನ್ನು.

“ಈ ಪದ್ಧತಿ ನನಗೆ ಗೊತ್ತಿತ್ತು ಕಣೇ,” ಅಂದರು. “ಗೊತ್ತಿದ್ದೂ ಚಮಚ ನೋಡಿ ಊಹಿಸಿಬಿಟ್ಟೆ.”

ಜರ್ಮನಿಯ ಚರ್ಚಿಗೆ ಈಮೇಲ್ ಹೋಯಿತು. ಗುರುವಾರ ಬೆಳಿಗ್ಗೆ ಪೂರ್ತಿ ಪುಟದ ಚಿತ್ರ ಬಂತು. ತಂದೆ: ಕುದುರೆ ಲಾಯದ ಆಳು.

ಅಂಕಲ್ ಕಾಫಿ ಹಿಡಿದುಕೊಂಡು ಹೇಳಿದರು, “ಶನಿವಾರ ಒಂದು ಆಗ್ಲಿ ಬಿಡೇ. ಮುದುಕಪ್ಪ ಕೇಕ್ ತಿನ್ಲಿ. ಸೋಮವಾರ ಹೇಳಿದ್ರೆ ಆಕಾಶ ಬೀಳತ್ತಾ?”

ನಾನೂ ಅಂಕಲ್ ಪಕ್ಷ. ತಪ್ಪು ಹಿಡಿದವಳು ನಾನೇ, ಮುಚ್ಚಿಡಲು ವಾದ ಹೂಡಿದವಳೂ ನಾನೇ. ಒಂದು, ಚಮಚ ನಿಜ. ಎರಡು, ಬಂಧುಗಳು ಆಗಲೇ ಟಿಕೆಟ್ ಮಾಡಿಸಿದ್ದಾರೆ. ಮೂರು, ಎಂಬತ್ತೈದರ ಮನುಷ್ಯನಿಗೆ ನಾಲ್ಕು ದಿನದ ನೆಮ್ಮದಿ ಕೊಟ್ಟರೆ ಇತಿಹಾಸಕ್ಕೇನೂ ನಷ್ಟವಿಲ್ಲ. ಮೈಸೂರಿನಲ್ಲಾಗಿದ್ದರೆ ಆ ಭಾಷಣಕ್ಕೆ ಕಪ್ ಗ್ಯಾರಂಟಿ.

ಆಂಟಿ ಪೂರ್ತಿ ಕೇಳಿಸಿಕೊಂಡರು. “ಚೆನ್ನಾಗಿ ಮಾತಾಡ್ತೀಯ. ಆದ್ರೆ ಶನಿವಾರ ಅವರು ಮೊಮ್ಮಕ್ಕಳ ಮುಂದೆ ನಿಂತು ಸುಳ್ಳು ಹೇಳ್ತಾರೆ. ಅದು ಸುಳ್ಳು ಅಂತ ಅವರಿಗೆ ಗೊತ್ತಿರಲ್ಲ, ನನಗೆ ಗೊತ್ತಿರತ್ತೆ. ಕಾರ್ ತೆಗಿ.”

ರಾಂಚಿನ ವರಾಂಡದಲ್ಲಿ ಅಜ್ಜ ಕೂತಿದ್ದರು. ಆಂಟಿ ಸುತ್ತಿ ಬಳಸಿ ಮಾತಾಡಲಿಲ್ಲ. ಪುಟದ ಚಿತ್ರವನ್ನು ಅವರ ಮಡಿಲ ಮೇಲಿಟ್ಟು, ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಪದ ಓದಿ ಇಂಗ್ಲಿಷಿನಲ್ಲಿ ಅರ್ಥ ಹೇಳಿದರು.

“ಇದನ್ನು ಯಾರು ಕಂಡುಹಿಡಿದದ್ದು?” ಅಜ್ಜ ನನ್ನತ್ತ ನೋಡಿದರು.

“ಅದು ಮುಖ್ಯವಲ್ಲ. ತಪ್ಪು ಓದಿದವಳು ನಾನು. ನಿಮ್ಮನ್ನು ನಂಬಿಸಿದವಳೂ ನಾನೇ. ಕ್ಷಮಿಸಿ.”

ಅಜ್ಜ ಅಂದದ್ದು ಇಷ್ಟೇ: ಹೋಗುವಾಗ ಗೇಟು ಹಾಕಿಕೊಂಡು ಹೋಗಿ, ಕರುಗಳಿವೆ. ದಾರಿಯುದ್ದಕ್ಕೂ ಆಂಟಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಡ್ರೈವ್ ಮಾಡುತ್ತಿದ್ದೆ.

ಶನಿವಾರ ಬರುತ್ತಾರೋ ಇಲ್ಲವೋ ಗೊತ್ತಿಲ್ಲದೆ ಗೋಡೆಯ ಮುಂದೆ ನಿಂತಿದ್ದೆವು. ಬಂದರು. ಮೂವತ್ತು ಜನ, ಹ್ಯಾಟು, ಬಲೂನು, ಕೇಕು. ಯಾರೂ ಕೇಳುವ ಮೊದಲೇ ಆಂಟಿ ಗಟ್ಟಿಯಾಗಿ ಹೇಳಿದರು: ಈ ಗೆರೆ ತಪ್ಪು, ಎಳೆದವಳು ನಾನು, ನಿಮ್ಮ ಮೂಲಪುರುಷ ಕುದುರೆ ಲಾಯದ ಆಳಿನ ಮಗ. ಹ್ಯೂಸ್ಟನ್ನಿನಿಂದ ಬಂದ ಮೊಮ್ಮಗಳು “ಹಾಗಾದ್ರೆ ನಾವು ರಾಜವಂಶ ಅಲ್ವಾ ತಾತ?” ಎಂದು ಕೇಳಿದಳು. ಅಜ್ಜ ಹ್ಯಾಟು ತೆಗೆದು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. “ಕೌಂಟ್‌ನ ಮಗನಾಗಿದ್ದರೆ ಅವನು ಯಾಕಮ್ಮ ಹಡಗು ಹತ್ತುತ್ತಿದ್ದ?” ಎಂದರು. ಕೇಕ್ ಕತ್ತರಿಸಿದರು. ಆಂಟಿಗೆ ಮಾತ್ರ ಒಂದು ಚೂರೂ ಕೊಡಲಿಲ್ಲ. ಆ ವರ್ಷವೆಲ್ಲ ಅವರೊಡನೆ ಮಾತೂ ಆಡಲಿಲ್ಲ.

ಮರುವಾರ ಆಂಟಿ ಕೌಂಟ್‌ನ ಗೆರೆ ಅಳಿಸಿದರು. ಗಣ್ಯರ ಸಾಲಿನಲ್ಲಿ ಶಿಲ್ಪಿಯ ಪಕ್ಕಕ್ಕೆ ಲಾಯದ ಆಳಿನ ಮಗನನ್ನು ತಂದು ಕೂರಿಸಿದರು. ಕೆಳಗೆ ಸಣ್ಣದೊಂದು ಕಾರ್ಡು: “ಇಲ್ಲಿ ಮೊದಲು ತಪ್ಪು ವಂಶಾವಳಿ ಇತ್ತು. ತಂದೆಯ ಕಾಲಮ್ ಇಲ್ಲದ ಪುಟವನ್ನು ಓದಿ, ಉಳಿದದ್ದನ್ನು ಊಹಿಸಿದ್ದೆ.” ಅದರಡಿ ಅವರ ಸಹಿ.

ಹೋದ ವರ್ಷ ಆಂಟಿ ತೀರಿಕೊಂಡರು, ಆಸ್ಪತ್ರೆ ಸೇರಿ ಒಂಬತ್ತು ದಿನಕ್ಕೆ. ಅವರ ಶನಿವಾರಗಳನ್ನು ಈಗ ನಾನು ನೋಡಿಕೊಳ್ಳುತ್ತೇನೆ. ಗೋಡೆಗೆ ಹೊಸ ಬಣ್ಣ ಹೊಡೆಸುವ ಮಾತು ಬಂದಾಗ ಸಮಿತಿಯವರು ಆ ಕಾರ್ಡನ್ನು ತೆಗೆಯೋಣ ಎಂದರು. ತೀರಿಹೋದವರ ತಪ್ಪನ್ನು ಗೋಡೆಗೆ ಅಂಟಿಸಿಕೊಂಡಿರುವುದು ಅವರಿಗೆ ಅಗೌರವವಲ್ಲವೇ ಎಂಬುದು ಅವರ ವಾದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ನಾನು ಎದ್ದು ನಿಂತೆ. ಒಂದು, ಎರಡು, ಮೂರು ಎನ್ನಲಿಲ್ಲ. ಮಂಗಳವಾರ ನಾನು ಕೇಳಿದ ಪ್ರಶ್ನೆ, ಗುರುವಾರ ನಾನೇ ಹೂಡಿದ ವಾದ, ಅದನ್ನು ಕೇಳಿಯೂ ಅವರು ನನ್ನಿಂದಲೇ ಕಾರು ತೆಗೆಸಿದ್ದು, ನಡೆದದ್ದನ್ನು ನಡೆದಂತೆ ಹೇಳಿದೆ. ಅವತ್ತು ನನ್ನ ಮಾತು ಗೆದ್ದಿದ್ದರೆ ಈ ಗೋಡೆಯನ್ನು ಯಾರೂ ನಂಬುವಂತಿರುತ್ತಿರಲಿಲ್ಲ, ನಾನು ಸೋತೆ, ಎಂದೆ. ಸೋತೆ ಎಂದು ಬಾಯಿಬಿಟ್ಟು ಹೇಳಿದ್ದು ಜೀವನದಲ್ಲಿ ಅದೇ ಮೊದಲು.

ಕಾರ್ಡು ಇರಲಿ ಎನ್ನುವವರು ಕೈ ಎತ್ತಿ ಎಂದರು ಅಧ್ಯಕ್ಷೆ. ಎಲ್ಲರಿಗಿಂತ ಮೊದಲು ಮೇಲೆದ್ದ ಕೈ ರಾಂಚಿನ ಅಜ್ಜನದು.