ಎದುರು ಬೆಂಚಿನ ತಟ್ಟೆ

ನಮ್ಮ ನೂಡಲ್ಸ್ ಬಗ್ಗೆ ಮೊದಲ ಅಭಿಪ್ರಾಯ ಬಂದದ್ದು ನಮ್ಮ ಮನೆಯೊಳಗಿನಿಂದಲೇ. ಅಪ್ಪ ಮನೆಯ ಸ್ಟವ್ ಮೇಲೆ ಮೊದಲ ಸಲ ಮಾಡಿ, ಮೇಲೆ ಈರುಳ್ಳಿ ಸೊಪ್ಪು ಉದುರಿಸಿ, ಮದುವೆ ಮನೆಯ ಬೀಗರಿಗೆ ಬಡಿಸುವ ಹಾಗೆ ಅವ್ವನ ಮುಂದೆ ತಟ್ಟೆ ಇಟ್ಟ. ಅವ್ವ ಒಂದು ಎಳೆ ಬಾಯಿಗೆ ಹಾಕಿಕೊಂಡಳು, ಕಣ್ಣು ಮುಚ್ಚಿದಳು, ನುಂಗಿದಳು.

"ಹುಳ ತಿಂದಂಗ ಆತು," ಎಂದು ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು.

"ನೀ ತಿನ್ನಬ್ಯಾಡ ಬಿಡು. ತಿನ್ನೋರು ಬ್ಯಾರೆ ಅದಾರ," ಎಂದ ಅಪ್ಪ.

ತೊಂಬತ್ತರ ದಶಕದ ನಡುವಿನ ಮಾತು ಇದು. ನಾವು ದಾವಣಗೆರೆ ಕಡೆಯವರು. ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದ. ಅದು ಬಾಗಿಲು ಹಾಕಿಕೊಂಡ ಮೇಲೆ ಸಿಟಿಯ ಚೈನೀಸ್ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲವು ತಿಂಗಳು ಪಾತ್ರೆ ತೊಳೆಯುತ್ತಾ, ತರಕಾರಿ ಹೆಚ್ಚುತ್ತಾ ಕೆಲಸ ಕದ್ದು ಕಲಿತ. ಆಮೇಲೆ ತುಮಕೂರು ರಸ್ತೆಯಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜಿನ ಗೇಟಿನೆದುರು ಶೀಟ್ ಹೊದಿಸಿದ ಅಂಗಡಿ ಹಾಕಿದ. ವೆಲ್ಡಿಂಗ್ ಮಾಡಿದವನಿಗೆ ಬೆಂಕಿಯ ಹೆದರಿಕೆ ಎಲ್ಲಿಯದು? ಬಾಣಲೆಯ ಮೇಲೆ ಜ್ವಾಲೆ ಎಬ್ಬಿಸುವುದನ್ನು ನೋಡಲಿಕ್ಕೇ ಹುಡುಗರು ನಿಲ್ಲುತ್ತಿದ್ದರು. ಬೋರ್ಡಿನ ಮೇಲೆ ಡ್ರ್ಯಾಗನ್ ಬರಿ ಎಂದರೆ ಪೇಂಟರ್ ಮಹಾಶಯ ಉಡವನ್ನು ಬರೆದು ಅದರ ಬಾಯಿಗೆ ಬೆಂಕಿ ಹಚ್ಚಿದ್ದ. ಲಿಂಗ ಕಟ್ಟಿದ ಮನೆ ನಮ್ಮದು, ಮೊಟ್ಟೆ ಕೂಡ ಒಳಗೆ ಬರಕೂಡದು ಎಂಬುದು ಅವ್ವನ ಷರತ್ತು. ಆದ್ದರಿಂದ ನಮ್ಮಲ್ಲಿ ಸಿಗುತ್ತಿದ್ದದ್ದು ವೆಜ್ ನೂಡಲ್ಸ್ ಮತ್ತು ಗೋಬಿ ಮಂಚೂರಿ ಮಾತ್ರ.

ಸ್ಕೂಲು ಬಿಟ್ಟ ಮೇಲೆ ನಾನು ಅಂಗಡಿಗೆ ಬಂದು, ಹಿಂದುಗಡೆ ನೀರಿನ ಡ್ರಮ್ಮಿನ ಪಕ್ಕ ಕೂತು ಹೋಂವರ್ಕ್ ಮಾಡುತ್ತಿದ್ದೆ. ಜನರ ನಿಜವಾದ ಅಭಿಪ್ರಾಯ ಬೇಕಿದ್ದರೆ ಕೂರಬೇಕಾದ ಜಾಗ ಅದೇ. ತಟ್ಟೆಯ ಮುಂದೆ ಎಲ್ಲರೂ "ಸೂಪರ್ ಅಂಕಲ್" ಅನ್ನುವವರೇ. ಕೈ ತೊಳೆಯಲು ಡ್ರಮ್ಮಿನ ಹತ್ತಿರ ಬಂದಾಗ ಬಾಯಿ ಬಿಚ್ಚುತ್ತಿದ್ದರು. "ಸಕ್ಕತ್ತಾಗಿದೆ ಗುರು, ಆದ್ರೆ ವಿನೆಗರ್ ಜಾಸ್ತಿ." "ಮಗಾ, ಇದು ಚೈನೀಸ್ ಅಲ್ಲ ಕಣೋ, ಶ್ಯಾವಿಗೆ ಉಪ್ಪಿಟ್ಟಿಗೆ ಕೋಟ್ ಹಾಕವ್ರೆ." ಇಂಥವನ್ನೆಲ್ಲ ನಾನು ಅಂಗಡಿಯ ಒಳಕೋಣೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅವ್ವನಿಗೆ ಹೇಳಿ ನಗಿಸುತ್ತಿದ್ದೆ. ಅಪ್ಪನಿಗೆ ಹೊಗಳಿಕೆಯನ್ನು ಮಾತ್ರ ತಲುಪಿಸುತ್ತಿದ್ದೆ, ಅವನ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಒಂದು ದಿನ ಅದೇ ಡ್ರಮ್ಮಿನ ಹತ್ತಿರ ಇಬ್ಬರು ಹುಡುಗರು ದನಿ ತಗ್ಗಿಸಿ ಮಾತಾಡಿದರು. ದಿನಾ ನಮ್ಮಲ್ಲಿ ತಿನ್ನುತ್ತಿದ್ದ, ಕನ್ನಡಕದ ಒಬ್ಬ ಹುಡುಗ ಆಸ್ಪತ್ರೆ ಸೇರಿದ್ದನಂತೆ. ವಾಂತಿ, ಜ್ವರ, ಕಣ್ಣೆಲ್ಲ ಹಳದಿ. "ಇಲ್ಲೀದೇ ಕಣೋ. ಪೀಣ್ಯ ಬೋರ್‌ವೆಲ್ ನೀರಲ್ಲಿ ಬೇಯಿಸ್ತಾರೆ. ಫ್ಯಾಕ್ಟರಿ ನೀರೆಲ್ಲ ಅದ್ರೊಳಗೇ ಇಳಿಯತ್ತೆ," ಎಂದು ಒಬ್ಬ ಹೇಳಿದ. ಇನ್ನೊಬ್ಬ ತೊಳೆಯುತ್ತಿದ್ದ ಕೈಯನ್ನು ಸರಕ್ಕನೆ ಹಿಂದೆ ಎಳೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡ. ಆ ಒರೆಸಿಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಈ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ವಾರದೊಳಗೆ ಬೆಂಚುಗಳೆಲ್ಲ ಖಾಲಿಯಾದವು.

ನೀರು ಟ್ಯಾಂಕರಿನಲ್ಲಿ ಬರುತ್ತಿದ್ದದ್ದು ನಿಜ. ಟ್ಯಾಂಕರಿನವನು ಎಲ್ಲಿಂದ ತುಂಬಿಸುತ್ತಾನೆ ಎಂದು ನಾವು ಯಾವತ್ತೂ ಕೇಳಿರಲಿಲ್ಲ. ಒಂದು ಸಂಜೆ ಅಪ್ಪ ಗಾಜಿನ ಲೋಟದಲ್ಲಿ ನೀರು ಹಿಡಿದು ಬಿಸಿಲಿಗೆ ಎತ್ತಿ ನೋಡುತ್ತಿದ್ದ. ನನ್ನನ್ನು ಕಂಡದ್ದೇ ಗಟಗಟ ಕುಡಿದುಬಿಟ್ಟ. ಅಪ್ಪನಿಗೆ ಗೊತ್ತಿಲ್ಲದ್ದು ಒಂದಿದೆ ಎಂದು ನನಗೆ ತಿಳಿದದ್ದು ಅವತ್ತೇ.

ಮರುದಿನ ಉದ್ದಕೂದಲಿನ ಹುಡುಗನೊಬ್ಬ ಬೈಕಿನ ಮೇಲೆ ಕೂತಲ್ಲಿಂದಲೇ ಕೇಳಿದ, "ಅಂಕಲ್, ನೀವ್ ತಿಂತೀರಾ ಇದನ್ನ?"

"ನಾನ್ಯಾಕ, ನನ್ನ ಮಗಳೇ ತಿಂತಾಳ. ದಿನಾ ತಿಂತಾಳ," ಎಂದ ಅಪ್ಪ.

ಅದು ಶುದ್ಧ ಸುಳ್ಳು. ನಾನು ಅಪರೂಪಕ್ಕೆ ಗೋಬಿ ಕದ್ದು ತಿನ್ನುತ್ತಿದ್ದೆ, ಅಷ್ಟೇ. ಆದರೆ ಆಡಿದ ಮಾತು, ಒಡೆದ ಮುತ್ತು. ಹುಡುಗ ನನ್ನತ್ತ ನೋಡಿದ, ಅಪ್ಪ ನನ್ನತ್ತ ನೋಡಿದ. ಒಳಗಿನಿಂದ ಅವ್ವ ಬಾಗಿಲಿಗೆ ಬಂದು ನಿಂತು, ಅಪ್ಪನ ಮುಖ ನೋಡಿ ಒಳಗೆ ಹೋದಳು.

ಮರುದಿನದಿಂದ ಅದೇ ಕ್ರಮವಾಯಿತು. ಸ್ಕೂಲು ಬಿಟ್ಟು ಬಂದವಳು ಯೂನಿಫಾರ್ಮಿನಲ್ಲೇ ರಸ್ತೆಗೆ ಮುಖ ಮಾಡಿದ ಎದುರು ಬೆಂಚಿನ ಮೇಲೆ ಕೂರಬೇಕು. ಕಾಲೇಜು ಬಿಡುವ ಹೊತ್ತಿಗೆ ಅಪ್ಪ ಎಲ್ಲರಿಗೂ ಕಾಣುವಂತೆ ಬಾಣಲೆಯಿಂದ ನೇರ ನನ್ನ ತಟ್ಟೆಗೆ ಹಾಕುತ್ತಾನೆ, ನಾನು ತಿನ್ನುತ್ತೇನೆ. "ಮುಖ ಗಂಟು ಹಾಕ್ಕಬ್ಯಾಡ, ಖುಷಿಯಿಂದ ತಿನ್ನು," ಎಂದು ಅಪ್ಪ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ. ಬಾಯಿ ಒಣಗಿದವಳಿಗೆ ಖುಷಿ ಎಲ್ಲಿಂದ ತರಲಿ? ಅಗಿದು ಅಗಿದು ರಬ್ಬರಾದರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನೀರು ಕುಡಿದು ಇಳಿಸೋಣವೆಂದರೆ ನನ್ನ ಭಯವೆಲ್ಲ ಆ ನೀರಿನ ಮೇಲೆಯೇ ಇತ್ತು.

ನಾನಾಗ ಏಳನೇ ಕ್ಲಾಸು. ಸೈನ್ಸ್ ಮಿಸ್ಸಿಗೆ ಏನೋ ನೆಪ ಹೇಳಿ ಕಾಮಾಲೆಯ ಬಗ್ಗೆ ಕೇಳಿದೆ. "ಕೆಟ್ಟ ನೀರು ಕುಡಿದ ತಕ್ಷಣ ಬರಲ್ಲಮ್ಮ. ಒಳಗೇ ಇದ್ದು ಎಷ್ಟೋ ವಾರ ಆದ್ಮೇಲೆ ಹೊರಗೆ ಕಾಣ್ಸತ್ತೆ," ಎಂದರು. ಕೇಳಬಾರದಿತ್ತು ಅನಿಸಿತು. ನಿನ್ನೆ ತಿಂದದ್ದು, ಮೊನ್ನೆ ತಿಂದದ್ದು ಎಲ್ಲವೂ ನನ್ನೊಳಗೆ ಸದ್ದಿಲ್ಲದೆ ಕಾಯುತ್ತಾ ಕೂತಿದೆ ಎಂದು ಅವತ್ತಿನಿಂದ ನನಗೆ ಖಾತ್ರಿಯಾಯಿತು. ಬೆಳಿಗ್ಗೆ ಎದ್ದೊಡನೆ ಕನ್ನಡಿಯಲ್ಲಿ ರೆಪ್ಪೆ ಕೆಳಗೆಳೆದು ನೋಡುವುದು, ಪ್ರಾರ್ಥನೆಗೆ ನಿಂತಾಗ ಉಗುರು ನೋಡುವುದು, ಅಂಗಡಿ ಮುಂದೆ ನಿಂತ ಬೈಕುಗಳ ಕನ್ನಡಿಯಲ್ಲಿ ಇನ್ನೊಮ್ಮೆ ಕಣ್ಣು ನೋಡಿಕೊಳ್ಳುವುದು. ಸಾಯುತ್ತೇನೆ ಅಂದುಕೊಂಡೇ ಓಡಾಡುತ್ತಿದ್ದೆ. ಅಪ್ಪನ ಮೇಲೆ ಸಿಟ್ಟೂ ಇತ್ತು. ಸತ್ತರೆ ಇವನಿಗೆ ಬುದ್ಧಿ ಬರುತ್ತದೆ ಎಂದು ಯೋಚಿಸಿ, ಆಮೇಲೆ ಆ ಯೋಚನೆಗೇ ಹೆದರಿ ಅತ್ತಿದ್ದೇನೆ.

ಹುಡುಗರು ಮೊದಲು ದೂರ ನಿಂತು ನೋಡಿದರು. ನಿಧಾನಕ್ಕೆ ಒಬ್ಬೊಬ್ಬರೇ ಬಂದು ಕೂತರು. ಈಗ ಅಭಿಪ್ರಾಯವೆಲ್ಲ ನೂಡಲ್ಸನ್ನು ಬಿಟ್ಟು ನನ್ನ ಮೇಲೆ ತಿರುಗಿತ್ತು. "ಹುಡುಗಿ ಚೆನ್ನಾಗೇ ಇದಾಳಲ್ಲೋ." "ಸ್ವಲ್ಪ ಸಣ್ಣ ಆಗಿದಾಳೆ ಅನ್ಸತ್ತೆ." ಉದ್ದಕೂದಲಿನವನು ನಗುತ್ತಾ, "ಆರ್ಡರ್ ನಾಳೆ ಮಾಡೋಣ ಮಗಾ. ನಾಳೆ ಇವ್ಳು ಬರ್ತಾಳಾ ನೋಡೋಣ," ಎಂದ. ಅವನಿಗೆ ಅದು ತಮಾಷೆ. ಆ ರಾತ್ರಿ ಜ್ವರ ಬರಬಾರದು, ನಾಳೆ ಸ್ಕೂಲಿಗೆ ಹೋಗುವಷ್ಟಾದರೂ ಚೆನ್ನಾಗಿರಬೇಕು ಎಂದು ದೇವರ ಮುಂದೆ ಬೇಡಿಕೊಂಡು ಮಲಗಿದೆ.

ಈ ದಿನಗಳಲ್ಲಿ ನನಗಿದ್ದ ಒಂದೇ ಧೈರ್ಯ ಅವ್ವ. ಅವಳು ಸುಮ್ಮನಿದ್ದಳು. ಏನಾದರೂ ಅಪಾಯವಿದ್ದಿದ್ದರೆ ಅವಳು ಸುಮ್ಮನಿರುತ್ತಿದ್ದಳೇ? ಬೀದಿ ನಾಯಿ ಹತ್ತಿರ ಬಂದರೂ ನನ್ನನ್ನು ಸೆರಗಿನ ಹಿಂದೆ ಎಳೆದುಕೊಳ್ಳುವವಳು ನನ್ನ ಮುಂದಿನ ತಟ್ಟೆಯನ್ನು ಕಿತ್ತುಕೊಳ್ಳದೆ ಇರುತ್ತಿದ್ದಳೇ? ಅವ್ವನಿಗೆ ಗೊತ್ತಿದೆ, ನೀರು ಚೆನ್ನಾಗಿದೆ ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ.

ಶ್ರಾವಣ ಬಂತು. ಶ್ರಾವಣದ ಸೋಮವಾರ ಅವ್ವ ಸಂಜೆ ಪೂಜೆ ಮುಗಿಯುವವರೆಗೆ ಹನಿ ನೀರನ್ನೂ ಮುಟ್ಟುವವಳಲ್ಲ. ಜ್ವರ ಬಂದಾಗಲೂ ಮುರಿಯದ ನೇಮ ಅದು. ಅಂಥದೊಂದು ಸೋಮವಾರ, ಹಳೆಯ ಹೆಡ್‌ಮಾಸ್ಟರ್ ಒಬ್ಬರು ತೀರಿಕೊಂಡರೆಂದು ನಮ್ಮ ಸ್ಕೂಲನ್ನು ಮಧ್ಯಾಹ್ನಕ್ಕೇ ಬಿಟ್ಟರು. ಮನೆಯ ಬೀಗದ ಕೈ ಅವ್ವನ ಹತ್ತಿರ ಇತ್ತು. ಸೀದಾ ಅಂಗಡಿಗೆ ಬಂದು ಹಿಂದಿನ ಬಾಗಿಲಿನಿಂದ ಒಳಗೆ ಹೋದೆ.

ಅವ್ವ ಎಣ್ಣೆ ಡಬ್ಬದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹಣೆಯ ಮೇಲೆ ಬೆಳಗಿನ ವಿಭೂತಿ ಹಾಗೇ ಇತ್ತು. ಕಾಲ ಬಳಿ ತಟ್ಟೆ, ತಟ್ಟೆಯಲ್ಲಿ ನಾಲ್ಕಾರು ನೂಡಲ್ಸ್ ಎಳೆ. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೊರಳಿನ ಲಿಂಗದ ಮೇಲೆ. ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

"ಅವ್ವ, ಇವತ್ತು ಸೋಮವಾರ," ಎಂದೆ.

ಬೆಚ್ಚಿ ನನ್ನ ಕಡೆ ನೋಡಿದಳು. "ಗೊತ್ತೈತಿ."

"ಮತ್ಯಾಕೆ ತಿಂದೆ?"

ಹೊರಗೆ ಅಪ್ಪ ಡ್ರಮ್ಮಿಗೆ ನೀರು ತುಂಬಿಸುವ ಸದ್ದು ಬರುತ್ತಿತ್ತು. ಅವ್ವ ತಟ್ಟೆಯನ್ನು ಡಬ್ಬದ ಹಿಂದಕ್ಕೆ ಸರಿಸಿದಳು.

"ನಿನಗ ಸಂಜೀಗೆ ಹಾಕೋದು ಇದ ನೋಡವ್ವ, ಬೆಳಿಗ್ಗೆ ಬೇಯಿಸಿಟ್ಟಿದ್ದು. ದಿನಾ ಮಧ್ಯಾಹ್ನ ನಾ ತಿಂತೀನಿ. ಏನರ ಆಗೋದಿದ್ರ ಸಂಜಿ ಒಳಗ ನನಗ ಆಗ್ತತಿ. ಆಗ ನಿನ್ನ ತಟ್ಟಿ ತಗದು ಬಿಸಾಕ್ತೀನಿ," ಎಂದಳು. ಆಮೇಲೆ, "ನಿಮ್ಮಪ್ಪಗ ಹೇಳಬ್ಯಾಡ. ಈಗ ಕೈ ತಡದ್ರ ಮನುಷ್ಯ ಮತ್ತ ಏಳಂಗಿಲ್ಲ," ಎಂದಳು.

ಅವ್ವ ನನಗಾಗಿ ನೇಮ ಮುರಿದಳಲ್ಲ ಎಂದು ಆ ಕ್ಷಣಕ್ಕೆ ಹೊಳೆಯಲೇ ಇಲ್ಲ. ಹೊಳೆದದ್ದು ಒಂದೇ: ಹಾಗಾದರೆ ಅವ್ವನಿಗೂ ಗೊತ್ತಿಲ್ಲ. ಅವಳ ಸುಮ್ಮನಿರುವಿಕೆಯನ್ನು ನಾನು ಧೈರ್ಯವೆಂದು ತಿಳಿದಿದ್ದೆ. ಅವಳು ನನಗಿಂತ ಹೆಚ್ಚು ಹೆದರಿದ್ದಳು. ಅದರ ಮೇಲೆ ಅವಳ ಲೆಕ್ಕವೇ ತಪ್ಪು. ಆ ರೋಗ ಸಂಜೆಯೊಳಗೆ ಕಾಣಿಸುವುದಿಲ್ಲ, ವಾರಗಟ್ಟಲೆ ಬೇಕು. ಮಧ್ಯಾಹ್ನ ಅವಳಿಗೆ ಏನೂ ಆಗದಿದ್ದರೆ ಸಂಜೆ ನನಗೆ ಏನೂ ಆಗದು ಎನ್ನುವಂತಿಲ್ಲ. ಅಲ್ಲಿಯವರೆಗೆ ಒಬ್ಬಳ ಹೊಟ್ಟೆಗೆ ಹೋಗುತ್ತಿದೆ ಅಂದುಕೊಂಡದ್ದು ಇಬ್ಬರ ಹೊಟ್ಟೆಗೆ ಹೋಗುತ್ತಿತ್ತು. ಇದನ್ನು ಹೇಳಲು ಬಾಯಿ ತೆರೆದೆ. ಅವ್ವನ ಮುಖ ನೋಡಿ ಮುಚ್ಚಿದೆ. ಆ ಗಡಿಯಾರವೊಂದನ್ನು ಬಿಟ್ಟರೆ ಅವಳಿಗೆ ನಂಬಲು ಬೇರೇನೂ ಇರಲಿಲ್ಲ.

ಅವತ್ತು ಸಂಜೆ ಎದುರು ಬೆಂಚಿನ ಮೇಲೆ ಕೂತು ತಟ್ಟೆ ಪೂರ್ತಿ ಖಾಲಿ ಮಾಡಿದೆ. ಅಪ್ಪ ಸಂತೋಷದಿಂದ ಇನ್ನೊಂದು ಸೌಟು ಹಾಕಿದ.

ಅಲ್ಲಿಂದ ಬೆಳಿಗ್ಗೆ ನನಗೆ ನೋಡಲು ಎರಡು ಜೊತೆ ಕಣ್ಣುಗಳಿದ್ದವು. ಜಡೆ ಹಾಕಿಸಿಕೊಳ್ಳುವ ನೆಪದಲ್ಲಿ ಹಿಂದಕ್ಕೆ ತಿರುಗಿ ತಿರುಗಿ ಅವ್ವನ ಕಣ್ಣು ನೋಡುತ್ತಿದ್ದೆ, ತಲೆಗೆ ಬಾಚಣಿಗೆಯ ಏಟು ಬೀಳುತ್ತಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಅವಳು ಬಚ್ಚಲಿನಿಂದ ಬಂದಾಗ ಕಣ್ಣಿನ ಸುತ್ತ ಹಳದಿ. ನಾನು ಕಿರುಚಿಕೊಂಡೆ. ಅಪ್ಪ ಓಡಿ ಬಂದ. ಅವ್ವ ಸೆರಗಿನಿಂದ ಮುಖ ಉಜ್ಜಿಕೊಂಡು, "ಅರಿಷಿಣ ಅಲ್ಲೇನ, ಹುಚ್ಚಿ," ಎಂದಳು. ಸೆರಗಿನಲ್ಲಿ ಹತ್ತಿದ ಹಳದಿಯನ್ನು ಅವಳೂ ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

ಹಬ್ಬಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ನಾನು ತಿನ್ನುತ್ತಿದ್ದಾಗ ಎದುರಿಗೆ ಯಾರೋ ಬಂದು ಕೂತರು. ಕನ್ನಡಕ ನೋಡಿ ಗುರುತು ಹಿಡಿದೆ, ಮುಖದಲ್ಲಿ ಮಾಂಸವೇ ಇರಲಿಲ್ಲ. ಆಸ್ಪತ್ರೆ ಸೇರಿದ್ದ ಹುಡುಗ. ಬೆಂಚುಗಳ ಮೇಲಿದ್ದವರೆಲ್ಲ ಇತ್ತ ತಿರುಗಿದರು. ಅಪ್ಪ ಒಲೆ ಸಣ್ಣ ಮಾಡಿದ. ಇವನು ಏನು ಹೇಳಿದರೆ ಅದೇ ನಮ್ಮ ಹಣೆಬರಹ ಎಂದು ಎಲ್ಲರಿಗೂ ಗೊತ್ತಿತ್ತು.

"ಅಂಕಲ್, ಒಂದು ಪ್ಲೇಟ್. ಎಣ್ಣೆ ಕಮ್ಮಿ, ಡಾಕ್ಟ್ರು ಬಯ್ತಾರೆ," ಎಂದ. ನನ್ನ ಕಡೆ ತಿರುಗಿ, "ನೀನೇನಾ ದಿನಾ ತಿನ್ನೋಳು? ಪಾಪ, ನಂಗೆ ಕಾಮಾಲೆ ಬಂದಿದ್ದು ಹಾಸ್ಟೆಲ್ ಟ್ಯಾಂಕ್ ನೀರಿಂದ. ನಮ್ಮ ಸಾಲಿನ ರೂಮುಗಳಲ್ಲಿ ಎಲ್ರಿಗೂ ಬಂತು. ಈ ಕಡೆ ತಲೆನೂ ಹಾಕ್ದೋರ್ಗೂ ಬಂತು," ಎಂದ. ತಟ್ಟೆ ಬಂತು. ಎಲ್ಲರೂ ನೋಡುತ್ತಿದ್ದಂತೆ ತಿಂದ. "ಸಪ್ಪೆ," ಎಂದ. ಅಪ್ಪ ಜೋರಾಗಿ ನಕ್ಕ. ಅಷ್ಟು ದಿನಗಳಲ್ಲಿ ಅವನು ನಕ್ಕದ್ದು ಅದೇ ಮೊದಲು.

ಗಿರಾಕಿಗಳ ಮುಂದೆ ಎಂದೂ ಬಾರದ ಅವ್ವ ಅವತ್ತು ಹೊರಗೆ ಬಂದಳು. ಆ ಹುಡುಗನ ಹತ್ತಿರ ನಿಂತು, ಬಾಗಿ, ಕನ್ನಡಕದೊಳಗಿನ ಅವನ ಕಣ್ಣನ್ನು ನೋಡಿದಳು. ಬೆಳ್ಳಗಿತ್ತು. ನನ್ನ ತಟ್ಟೆ ಎತ್ತಿಕೊಂಡು, "ನಾಳಿಂದ ಮನೀಗ್ ಹೋಗಿ ರೊಟ್ಟಿ ತಿನ್ನು," ಎಂದು ಒಳಗೆ ಹೋದಳು.

ನಾನು ಆ ಬೆಂಚಿನ ಮೇಲೆ ಮತ್ತೆ ಕೂರಲಿಲ್ಲ. ಅಂಗಡಿ ಇನ್ನೂ ಕೆಲವು ವರ್ಷ ಚೆನ್ನಾಗಿ ನಡೆಯಿತು. ರಸ್ತೆ ಅಗಲ ಮಾಡುವಾಗ ಉಡದ ಬೋರ್ಡೂ ಸೇರಿ ಎಲ್ಲವೂ ಹೋಯಿತು. ಅವ್ವ ಮಾತ್ರ ಅಂಗಡಿಯ ಕಡೆಯ ದಿನದವರೆಗೂ ಮಧ್ಯಾಹ್ನ ಎಣ್ಣೆ ಡಬ್ಬದ ಮೇಲೆ ಕೂತು ಒಂದು ತಟ್ಟೆ ತಿಂದಳು ಎಂದು ಅಪ್ಪ ಹೇಳಿದ್ದು ನನ್ನ ಮದುವೆಯಾದ ಮೇಲೆ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತಂತೆ.

ಒಂದು ಸಲ ತವರಿಗೆ ಹೋದಾಗ ಕೇಳಿದೆ. ಅವ್ವ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ರುಚಿ ಹತ್ತಿತ್ತೇನವ್ವ ಕೊನೆಗೆ?"

"ಹುಳ ತಿಂದಂಗ. ಮೊದಲನೇ ದಿನನೂ ಅಷ್ಟ, ಕಡೀ ದಿನನೂ ಅಷ್ಟ."

"ನಾನು ಬಿಟ್ಟ ಮೇಲೂ ಯಾಕೆ ತಿಂದೆ ಮತ್ತೆ?"

ಅವ್ವ ಸೊಪ್ಪಿನಿಂದ ತಲೆ ಎತ್ತಲಿಲ್ಲ.

"ಆ ಹುಡುಗ್ರಿಗೂ ಎಲ್ಲೋ ಅವ್ವದೇರು ಇರ್ತಾರಲ್ಲವ್ವ," ಎಂದಳು.